ಅಂಬಾಸಿಡರಿನ ಸ್ಟೀಲ್ ಪಟ್ಟಿ

ಗಂಡನ ಹೆಣಕ್ಕೆ ಹಾಕಲು ತಂದ ಹಾರದ ಗಂಟು ಬಿಡಿಸುತ್ತಿದ್ದ ಶಂಕ್ರವ್ವನ ಕೈ ಕಾರಿನ ಹಾರ್ನ್ ಕೇಳಿ ನಿಂತಿತು. ಹಾನಗಲ್ಲಿನ ಚನ್ನವೀರಪ್ಪ ತಮ್ಮ ಹಳೆ ಅಂಬಾಸಿಡರ್ ತಂದುಬಿಟ್ಟಿದ್ದರು. ಅದೊಂದು ಗಾಡಿ ಅಕ್ಕಿಆಲೂರಿನ ಈ ಓಣಿಗೆ ಬರದಿದ್ದರೆ ಸಾಕೆಂದು ಅವಳು ಇಷ್ಟು ದಿನ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಇನ್ನು ಬಂದರೇನು, ಬಿಟ್ಟರೇನು.

ಅಂಗಳದಲ್ಲಿ ಕೂತವರ ಕಣ್ಣೆಲ್ಲ ಕಾರಿನ ಬಾಗಿಲಿನುದ್ದಕ್ಕೂ ಹೊಳೆಯುತ್ತಿದ್ದ ಸ್ಟೀಲ್ ಪಟ್ಟಿಯ ಮೇಲೆ ಹೋದವು.

"ನೋಡ್ರಿ, ಚೌಡಣ್ಣನ ಕಡೀ ಕೆಲಸ," ಎಂದ ಮೈದುನ ದುರ್ಗೇಶ, ಕಣ್ಣೊರೆಸಿಕೊಂಡು. "ಕಬ್ಬಿನ ಟ್ರ್ಯಾಕ್ಟರ್ ಒರಸಿ ಪಟ್ಟಿ ಚಪ್ಪಟ ಆಗಿತ್ತು. ಹೆಂಗ ಎಬ್ಬಿಸ್ಯಾನ!"

"ಅವನ ಕೈಯಾಗ ಜಾದೂ ಇತ್ತು ಬಿಡು ತಮ್ಮಾ," ಎಂದಳು ನೆರೆಮನೆಯ ರೋಶನಬಿ.

ಚನ್ನವೀರಪ್ಪ ತಲೆ ತಗ್ಗಿಸಿ ನಿಂತರು. ನಿಜ ಗೊತ್ತಿದ್ದವರು ಅವರು ಮತ್ತು ಶಂಕ್ರವ್ವ, ಇಬ್ಬರೇ.

*

ಕಳೆದ ತಿಂಗಳು ಚನ್ನವೀರಪ್ಪ ಬಸ್ಸಿಳಿದು ಬಂದಾಗ ಅವಳ ಗಂಡ ಚೌಡಪ್ಪ ಹಾಸಿಗೆ ಹಿಡಿದಿದ್ದ. ಶಂಕ್ರವ್ವ ಅವರನ್ನು ಹೊಸ್ತಿಲಾಚೆಗೇ ತಡೆದಳು.

"ಮಗಳ ಮದುವಿ ಹತ್ರ ಬಂತು ಶಂಕ್ರವ್ವಾ. ಹುಬ್ಬಳ್ಳಿಯಾಗ ಹೊಸಾ ಪಟ್ಟಿ ಹಾಕಿಸಿಬಿಟ್ಟೆ. ರಿಪೇರಿಗೆ ಕೊಟ್ಟ ಹಳೇದನ್ನ ಗುಜರಿಗೆ ಹಾಕ್ರಿ."

"ಅವ್ರ ಮುಂದ ಅನಬ್ಯಾಡ್ರೀ. ಆ ಪಟ್ಟಿ ಸಲುವಾಗೇ ದಿನಾ ಎದ್ದು ಕುಂದರ್ತಾರ. ಗಾಡಿ ಈ ಕಡೆ ತರಬ್ಯಾಡ್ರಿ, ಕೈ ಮುಗೀತೇನಿ."

ಒಳಗೆ ಚೌಡಪ್ಪ ಮರದ ಅಚ್ಚಿನ ಮೇಲೆ ಪಟ್ಟಿಯನ್ನು ಬೋರಲು ಹಾಕಿ, ಹಿಂಬದಿಯಿಂದ ಟಕ್ ಟಕ್ ಬಡಿಯುತ್ತಿದ್ದ. ನಾಲ್ಕು ಏಟಿಗೇ ಏದುಸಿರು.

"ಯಾರ ಬಂದಿದ್ರು?"

"ಯಾರೂ ಇಲ್ಲ," ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಆಮೇಲೆ ಆ ಟಕ್ ಟಕ್ ಕೇಳಿದಾಗಲೆಲ್ಲ ಅವಳು ಹೊರಗೆ ಹೋಗಿ ಓಣಿಯ ತುದಿಯತ್ತ ನೋಡಿ ಬರುತ್ತಿದ್ದಳು.

*

ದುರ್ಗೇಶ ಇನ್ನೂ ಹೊಗಳುತ್ತಲೇ ಇದ್ದ. ಸುಮ್ಮನಿದ್ದರೆ ಸತ್ತವನಿಗೆ ಒಳ್ಳೆಯ ಹೆಸರಾದರೂ ಉಳಿಯುತ್ತಿತ್ತು. ಆದರೆ ಯಾವುದೋ ಅಂಗಡಿಯ ಸಾಮಾನಿಗೆ ಗಂಡನ ಹೆಸರು ಅಂಟುವುದನ್ನು ನೋಡಿಕೊಂಡು ಕೂರುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಅದು ಅವ್ರು ಮಾಡಿದ್ದಲ್ಲ," ಎಂದಳು. "ಅಂಗಡೀದು."

ಎಲ್ಲರೂ ಚನ್ನವೀರಪ್ಪನವರ ಕಡೆ ನೋಡಿದರು. ಅವರು ಹೌದೆಂದು ತಲೆಯಾಡಿಸಿದರು.

ಶಂಕ್ರವ್ವ ಗೋಡೆ ಹಿಡಿದು ಎದ್ದು, ಮಂಚದ ಕೆಳಗಿನಿಂದ ಹಳೆಯ ಪಟ್ಟಿ ತಂದು ದುರ್ಗೇಶನ ಕೈಗಿಟ್ಟಳು. "ಇದು ಅವ್ರದು."

ಅವನು ಅದರ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಎಳೆದ. ನುಣ್ಣಗೆ ಸರಿದ ಬೆರಳು, ತುದಿಗೆ ಇನ್ನೊಂದು ಗೇಣು ಇರುವಾಗ ತಗ್ಗಿಗೆ ಸಿಕ್ಕು ನಿಂತಿತು. ರೋಶನಬಿಗೆ ದಾಟಿಸಿದ. ಅವಳ ಬೆರಳೂ ಅಲ್ಲೇ ನಿಂತಿತು. ಕೈಯಿಂದ ಕೈಗೆ ಪಟ್ಟಿ ಚನ್ನವೀರಪ್ಪನವರ ತನಕ ಬಂತು.

ಅವರ ಹೆಬ್ಬೆರಳು ಆ ತಗ್ಗಿಗೆ ಬಂದು ಕೂತಿತು. ಚಟ್ಟಕ್ಕೆ ಹೆಗಲು ಕೊಡಲು ಕರೆದರೂ ಬೆರಳು ಅಲ್ಲಿಂದ ಏಳಲಿಲ್ಲ.