ಊದಿದರೆ ತಿರುಗುವ ವಾಲ್ವು

ಈ ವಾಲ್ವನ್ನು ಹೊರಗಿನವರಿಗೆ ಯಾರಿಗಾದರೂ ತೋರಿಸಿದ್ದೀರಾ ಎಂದು ಚೇತನಾ ಕೇಳಿದಾಗ ಕಾಂತರಾಜು ಯೋಚನೆಯನ್ನೇ ಮಾಡದೆ ಇಲ್ಲ ಅಂದುಬಿಟ್ಟ. ಚೇತನಾ ಪೇಟೆಂಟ್ ಅರ್ಜಿ ಬರೆದುಕೊಡುವ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಒಳಗಿನ ಗುಟ್ಟು ಒಮ್ಮೆ ಬಯಲಾಗಿದ್ದರೆ ಪೇಟೆಂಟ್ ಸಿಗುವುದಿಲ್ಲ, ಇನ್ನೊಂದು ಸಲ ನೆನಪು ಮಾಡಿಕೊಂಡು ನಾಲ್ಕು ಗಂಟೆಗೆ ಬಂದು ಸಹಿ ಹಾಕಿ ಎಂದು ಕಳಿಸಿದಳು. ರಾಜ್‌ಕುಮಾರ್ ರಸ್ತೆಯ ಸೀರೆ ಅಂಗಡಿಯ ಮೇಲಿದ್ದ ಆ ಆಫೀಸಿನ ಮೆಟ್ಟಿಲು ಅರ್ಧ ಇಳಿಯುವಷ್ಟರಲ್ಲಿ ಅವನಿಗೆ ತಟ್ಟನೆ ನೆನಪಾಯಿತು. ಆಯುಧಪೂಜೆ!

ತೋರಿಸದೆ ಏನು? ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಯುಧಪೂಜೆ ಎಂದರೆ ಒಂದು ಶೆಡ್ಡಿನವರು ಇನ್ನೊಂದು ಶೆಡ್ಡಿಗೆ ಹೋಗಿ ಕಡ್ಲೆಪುರಿ ಈಸಿಕೊಂಡು, ಆ ವರ್ಷ ಅಲ್ಲಿ ಏನೇನು ಮಾಡಿದರೆಂದು ನೋಡಿ ಹೊಗಳಿ ಬರುವ ದಿನ. ಲೇತಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ದೇವರ ಪಟದ ಮುಂದೆ ಆ ವರ್ಷದ ಒಳ್ಳೆಯ ಕೆಲಸವನ್ನು ಅರಿಶಿನ ಕುಂಕುಮ ಇಟ್ಟು ಕೂರಿಸುವುದು ಪದ್ಧತಿ. ಈ ಸಲ ಕೂತಿದ್ದು ಈ ವಾಲ್ವು. ಪುರಿ ತಿನ್ನುತ್ತ ನಲವತ್ತು ಜನ ನೋಡಿದ್ದರು. ಪಕ್ಕದ ಶೆಡ್ಡಿನ ನಾಗರಾಜು ಫೋನ್ ಹಿಡಿದು ವಿಡಿಯೋ ಬೇರೆ ಮಾಡಿದ್ದ.

ಮೂವತ್ತು ವರ್ಷದಿಂದ ಕಾಂತರಾಜು ಬೇರೆಯವರ ಡ್ರಾಯಿಂಗ್ ನೋಡಿಕೊಂಡು ಬೇರೆಯವರ ಸಾಮಾನು ಮಾಡಿದವನು. ಗ್ಯಾಸ್ ಟರ್ಬೈನಿನ ಪಿನ್ನು, ಬಳೆ, ಎಣ್ಣೆಬಾವಿಯ ಪಂಪಿನ ಬಿಡಿಭಾಗ, ಯಾವುದರ ಮೇಲೂ ಅವನ ಹೆಸರಿಲ್ಲ. ಎಣ್ಣೆಯ ಜೊತೆ ಮರಳು ಬಂದು ವಾಲ್ವಿನ ಒಳಬಳೆಯನ್ನು, ಅಂದರೆ ಒಳಗೆ ಕೂರುವ ಲೋಹದ ಉಂಗುರವನ್ನು, ಒಂದೇ ಕಡೆ ತಿಂದುಹಾಕುವ ಕಾಟಕ್ಕೆ ಅವನ ಶೆಡ್ಡಿನಲ್ಲಿ ಪರಿಹಾರ ಹುಟ್ಟಿತ್ತು. ಎಣ್ಣೆ ನುಗ್ಗಿದಾಗೆಲ್ಲ ಒಳಬಳೆ ಒಂದಿಷ್ಟು ತಿರುಗುತ್ತದೆ, ಸವೆತ ಸುತ್ತಲೂ ಹಂಚಿಹೋಗುತ್ತದೆ. ಪಂಪ್ ಕಂಪನಿಯವರು, ಪೇಟೆಂಟಿಗೆ ಹಾಕಿ, ನಿಮ್ಮ ಹೆಸರಿನಲ್ಲೇ ಮಾರುಕಟ್ಟೆಗೆ ಬಿಡೋಣ ಎಂದಿದ್ದರು. ಅಂದಿನಿಂದ ಐವತ್ತೆಂಟು ವರ್ಷದ ಗಂಡಸು ಮದುವೆ ಗೊತ್ತಾದ ಹುಡುಗನ ಹಾಗೆ ಓಡಾಡುತ್ತಿದ್ದ.

ಹನ್ನೊಂದೂವರೆಗೆ ನಾಗರಾಜುವಿನ ಶೆಡ್ಡಿಗೆ ನುಗ್ಗಿದ. ನಾಗರಾಜು ಏನು ಎತ್ತ ಕೇಳದೆ ವಿಡಿಯೋ ಅಳಿಸಿದ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದು ಮಾರನೆಯ ದಿನವೇ ಹೋಗಿತ್ತಂತೆ. ಒಂದೇ ಒಂದು ಕಾಪಿಯನ್ನು ಮಾತ್ರ ಮುನಿಯಣ್ಣನ ಹೆಂಡತಿಗೆ ಕಳಿಸಿದ್ದನಂತೆ, ಮುನಿಯಣ್ಣ ತೀರಿಕೊಂಡ ವಾರದಲ್ಲಿ, ಆಯಮ್ಮ ಅತ್ತು ಕೇಳಿದಳೆಂದು.

ಮುನಿಯಣ್ಣ ಇಪ್ಪತ್ತಾರು ವರ್ಷ ಕಾಂತರಾಜುವಿನ ಲೇತ್ ನಡೆಸಿದವನು. ಆಯುಧಪೂಜೆ ಕಳೆದು ಎರಡು ತಿಂಗಳಿಗೆ, ಡಿಸೆಂಬರಿನಲ್ಲಿ, ಹೃದಯಾಘಾತವಾಗಿ ಹೋದ.

ಆ ಕಾಪಿಯನ್ನೂ ಅಳಿಸಿಬಿಡಲು ಕಾಂತರಾಜು ಸ್ಕೂಟರ್ ಹತ್ತಿದ. ಹೊಸಹಳ್ಳಿಯ ಸಿಗ್ನಲ್ಲಿನಲ್ಲಿ ಮೂರು ಸಲ ಗಡಿಯಾರ ನೋಡಿದ, ಹಿಂದಿನವರು ಹಾರ್ನ್ ಹೊಡೆಯುವವರೆಗೆ ಹಸಿರು ಬಿದ್ದದ್ದೇ ತಿಳಿಯಲಿಲ್ಲ. ವಿಡಿಯೋ ಅಳಿಸಿದ ಮಾತ್ರಕ್ಕೆ ನಲವತ್ತು ಜನರ ಕಣ್ಣು ಅಳಿಸಿದಂತಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಸಾಕ್ಷಿ ಇಲ್ಲದ್ದು ನಡೆದೇ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ! ಅದಕ್ಕಿಂತ ಬೇರೆಯೇ ಒಂದು ವಿಷಯ ಅವನನ್ನು ಒಳಗೊಳಗೆ ತಿನ್ನುತ್ತಿತ್ತು. ಅರ್ಜಿಯಲ್ಲಿ ಕಂಡುಹಿಡಿದವರ ಹೆಸರು ಎಂಬಲ್ಲಿ ಅವನು ತನ್ನ ಹೆಸರೊಂದನ್ನೇ ಬರೆಸಿದ್ದ. ಅವನು ಬರೆದ ಡ್ರಾಯಿಂಗ್ ಮೂರು ಸಲ ಕೈಕೊಟ್ಟಿತ್ತು. ನಾಲ್ಕನೆಯ ಸಲ ಮುನಿಯಣ್ಣ ಯಾರನ್ನೂ ಕೇಳದೆ ಬಳೆಯ ಒಳಗೆ ಓರೆಯಾಗಿ ಆರು ಗೀರು ಕೊರೆದಿದ್ದ. ನುಗ್ಗುವ ಎಣ್ಣೆ ಆ ಓರೆಗೆ ಬಡಿದೇ ಬಳೆ ತಿರುಗುತ್ತಿದ್ದದ್ದು, ಇಡೀ ಗುಟ್ಟು ಆ ಗೀರುಗಳಲ್ಲಿತ್ತು. ಶೆಡ್ಡು ನನ್ನದು, ಸಂಬಳ ನನ್ನದು, ಆದ್ದರಿಂದ ಗೀರೂ ನನ್ನದೇ ಎಂದು ಕಾಂತರಾಜು ಲೆಕ್ಕ ಹಾಕಿದ್ದ. ಹೆಸರಿನ ಆಸೆ ಮನುಷ್ಯನಿಗೆ ಎಂಥ ಗಣಿತ ಕಲಿಸುತ್ತದೆ ನೋಡಿ.

ಉಲ್ಲಾಳದ ಎರಡು ಕೋಣೆಯ ಮನೆಯಲ್ಲಿ ಮುನಿಯಣ್ಣನ ಹೆಂಡತಿ ಯಶೋದಮ್ಮ ಸೊಪ್ಪು ಸೋಸುತ್ತಿದ್ದಳು. ಸಾರ್ ಮನೆಗೆ ಬಂದದ್ದಕ್ಕೆ ಗಡಿಬಿಡಿಯಾಗಿ ಎದ್ದು ಕುರ್ಚಿ ಒರೆಸಿದಳು. ವಿಡಿಯೋದಲ್ಲಿ ಕೆಲಸದ ಗುಟ್ಟಿದೆ, ಅದು ಫೋನಿನಲ್ಲಿ ಇರಬಾರದು ಎಂದು ಕಾಂತರಾಜು ತಡವರಿಸಿದ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವ್ರ ದನಿ ಇರೋದು ಇದೊಂದ್ರಲ್ಲೇ ಸಾರ್. ನೀವ್ ಹೇಳಿದ್ಮೇಲೆ ಬೇಡ ಅನ್ನೋಕಾಗತ್ತಾ? ಒಂದ್ಸಲ ಕೇಳ್ಬಿಡ್ತೀನಿ, ಆಮೇಲೆ ನೀವೇ ಅಳಿಸ್ಬಿಡಿ."

ಪರದೆಯ ಮೇಲೆ ಮುನಿಯಣ್ಣ ಬಂದ. ಹೊಸ ಅಂಗಿ, ಹಣೆ ತುಂಬ ಕುಂಕುಮ. ಪಟದ ಮುಂದಿದ್ದ ವಾಲ್ವನ್ನು ಎತ್ತಿಕೊಂಡು, ಒಳಗೆ ಈ ಥರ ಓರೆ ಗೀರಿದೆ, ನೋಡ್ಕಳಿ ಎಂದು ಬಾಯಿಟ್ಟು ಊದಿದ. ಬಳೆ ಮೆಲ್ಲಗೆ ತಿರುಗಿತು. ಸುತ್ತ ನಿಂತವರು ನಕ್ಕರು. ಯಾರ ಐಡಿಯಾ ಇದು ಎಂದು ನಾಗರಾಜುವಿನ ದನಿ ಕೇಳಿತು. ಮುನಿಯಣ್ಣ ಹಿಂದೆ ನಿಂತಿದ್ದ ಕಾಂತರಾಜುವಿನ ಕಡೆ ಕೈ ತೋರಿಸಿದ.

"ಎಲ್ಲಾ ನಮ್ ಸಾರ್ ತಲೆ. ನಂದು ಬರೀ ಕೈ."

ವಿಡಿಯೋದ ಕಾಂತರಾಜು ನಗುತ್ತ ತಲೆಯಾಡಿಸಿದ. ಕುರ್ಚಿಯಲ್ಲಿದ್ದ ಕಾಂತರಾಜು ನಾಚಿಕೆಯಿಂದ ತಲೆ ತಗ್ಗಿಸಿದ. ಯಶೋದಮ್ಮ ಕಣ್ಣೊರೆಸಿಕೊಂಡು ಫೋನ್ ಚಾಚಿದಳು. ಅವನು ಅದನ್ನು ಮುಟ್ಟಲಿಲ್ಲ. ತನ್ನ ಫೋನ್ ತೆಗೆದು ಚೇತನಾಗೆ ಕರೆ ಮಾಡಿದ.

"ತೋರ್ಸಿದೀವಮ್ಮ," ಅಂದ. "ಆಯುಧಪೂಜೆ ದಿನ, ಎಲ್ಲರ ಮುಂದೆ ಬಿಡಿಸಿ ಹೇಳಿದೀವಿ. ವಿಡಿಯೋನೂ ಇದೆ. ಇನ್ನೊಂದು ಮಾತು, ಅದನ್ನ ಕಂಡುಹಿಡಿದಿದ್ದು ನಾನಲ್ಲ. ನಮ್ಮ ಮುನಿಯಣ್ಣ."

ಆ ಕಡೆಯಿಂದ ಚೇತನಾ, ಹಾಗಾದರೆ ಅರ್ಜಿ ಹಾಕಿ ಪ್ರಯೋಜನವಿಲ್ಲ, ಇನ್ನು ಅದನ್ನು ಯಾರು ಬೇಕಾದರೂ ಮಾಡಬಹುದು ಎಂದಳು. ಸರಿ ಎಂದು ಕಾಂತರಾಜು ಫೋನ್ ಇಟ್ಟ. ಮೂವತ್ತು ವರ್ಷದ ಆಸೆ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಇಷ್ಟಾದರೂ ಒಂದು ದೊಡ್ಡ ಸತ್ಯ ಹೇಳಿದೆನಲ್ಲ ಎಂಬ ಸಣ್ಣ ಹೆಮ್ಮೆ ಅವನಿಗೆ ಬಂದದ್ದೂ ಉಂಟು. ಯಶೋದಮ್ಮನಿಗೆ ಆಶ್ಚರ್ಯವಾದೀತು, ಕೈ ಮುಗಿದಾಳು ಎಂದು ಅವಳ ಮುಖ ನೋಡಿದ.

ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ.

"ಗೊತ್ತು ಸಾರ್," ಅಂದಳು. "ಗೀರು ಹಾಕಿದ್ ದಿನ ಮನೇಗ್ ಬಂದು ಊಟ ಕೂಡ ಮಾಡ್ದೆ ಅದನ್ನೇ ಹೇಳ್ತಿದ್ರು. ಪೂಜೆ ದಿನ ಎಲ್ಲಾ ಸಾರ್ದೇ ಅಂದ್ಬಿಟ್ಟೆ ಅಂತ ಬಂದ್ ಹೇಳಿದ್ರು, ಎಲ್ಲರ್ ಮುಂದೆ ಯಾಕಂಗ್ ಹೇಳಿದ್ರಿ ಅಂತ ನಾನೇ ಕೇಳ್ದೆ. ಸಾರ್ ಹಿಂದೇನೇ ನಿಂತಿದ್ರು ಕಣೇ, ಹಬ್ಬದ್ ದಿನ ಅವ್ರ ಮುಖ ಸಣ್ಣದಾಗ್ಬಾರ್ದು ಅಂದ್ರು. ನಾಳೆ ನಾಡಿದ್ರಲ್ಲಿ ಸಾರೇ ಹೇಳ್ತಾರೆ ಬಿಡು ಅಂದ್ರು."

ಕಾಂತರಾಜು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಯಶೋದಮ್ಮ ನೀರು ತರಲು ಒಳಗೆ ಹೋದಳು.