ಸಿಟ್ಟಿನ ಒಲೆ

ಮಾಟಗಾತಿಯರ ಕಸುಬಿನಲ್ಲಿ ಕಷ್ಟದ ಕೆಲಸ ಎಂದರೆ ಒಲೆ ಹಚ್ಚುವುದೊಂದೇ. ಉಳಿದದ್ದೆಲ್ಲ ಬೇರು ಅರೆಯುವುದು, ಸೋಸುವುದು, ಬಂದವರ ಗೋಳು ಕೇಳುವಾಗ ಆಕಳಿಕೆ ತಡೆದುಕೊಳ್ಳುವುದು. ಅದನ್ನು ಯಾರು ಬೇಕಾದರೂ ಕಲಿಯಬಹುದು. ಒಲೆಗೆ ಮಾತ್ರ ಕಟ್ಟಿಗೆ ನಡೆಯುವುದಿಲ್ಲ, ಇದ್ದಿಲೂ ನಡೆಯುವುದಿಲ್ಲ. ಅಂಗಡಿ ತೆರೆಯುವ ದಿನ ಅದರ ಮುಂದೆ ಕೂತು, ತನ್ನೊಳಗೆ ಎಲ್ಲಕ್ಕಿಂತ ಜೋರಾಗಿ ಉರಿಯುತ್ತಿರುವುದು ಯಾವುದೋ ಅದನ್ನೇ ಊದಬೇಕು. ಒಮ್ಮೆ ಹತ್ತಿಕೊಂಡಿತೆಂದರೆ ಕೊನೆಯವರೆಗೂ ಅದೇ ಉರಿ. ಅವಳ ಎದೆಯಲ್ಲಿ ಅದು ತಣ್ಣಗಾದ ದಿನ ಒಲೆಯೂ ತಣ್ಣಗೆ, ಆ ಒಲೆಯ ಮೇಲೆ ಬೇಯಿಸಿದ ಮಾಟವೆಲ್ಲ ಅವತ್ತಿಗೆ ಮುಗಿಯಿತು.

ನಮ್ಮ ಮಾಟಗಾತಿಯ ತಾಯಿ ತನ್ನ ಒಲೆಯನ್ನು ದುರಾಸೆಯಿಂದ ಹಚ್ಚಿದ್ದಳು. ಜಾಣೆ. ಅದು ಅವಳ ಕೊನೆಯುಸಿರಿನವರೆಗೂ ಧಗಧಗ ಉರಿದು, ಹೆಣ ಎತ್ತಿದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತಲೇ ಇತ್ತಂತೆ. ಮಗಳು ಹಚ್ಚಿದ್ದು ಸಿಟ್ಟಿನಿಂದ. ಸಿಟ್ಟು ಒಡಹುಟ್ಟಿದ ಅಕ್ಕನ ಮೇಲೆ.

ಇಬ್ಬರೂ ಕೂಡಿ ಅಂಗಡಿ ಇಡುವುದೆಂದು ಮಾತಾಗಿತ್ತು. 'ಅಕ್ಕತಂಗಿ ಮದ್ದಿನಂಗಡಿ' ಎಂದು ಬೋರ್ಡು ಬರೆಸಿಯೂ ಆಗಿತ್ತು. ಬಣ್ಣ ಒಣಗುವುದರೊಳಗೆ ಅಕ್ಕ, ತಾನು ಬೇಕರಿಯವನನ್ನು ಮದುವೆಯಾಗುತ್ತೇನೆಂದು ಹೊರಟು ನಿಂತಳು. ಹೋಗುವವಳು ಸುಮ್ಮನೆ ಹೋದಳೇ? ಮೊದಲ ದಿನದ ಗಿರಾಕಿಗಳು ಬಾಗಿಲ ತನಕ ಸಾಲು ನಿಂತಿದ್ದಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇದರಲ್ಲಿ ಮಾಟನೂ ಇಲ್ಲ, ಮಣ್ಣೂ ಇಲ್ಲ ಕಣೇ. ಬರೀ ಕಷಾಯ. ಹೊಟ್ಟೆ ಉಬ್ಬರಕ್ಕೆ ಆಗುತ್ತೆ, ಅಷ್ಟೆ." ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಆ ನಗು ಮುಗಿಯುವ ಮೊದಲೇ ಒಲೆ ಹತ್ತಿಕೊಂಡಿತ್ತು.

ಆ ಒಲೆಯ ಬಲದಿಂದ ಅವಳು ಕಟ್ಟಿಕೊಂಡ ಸಂಸಾರದಲ್ಲಿ ಒಂದು ಪೊರಕೆಯಿತ್ತು. ಹಾರಲೆಂದು ಮಾಡಿದ್ದು, ಮೇಲೆ ಹೋದರೆ ತಲೆ ಸುತ್ತುತ್ತದೆಂದು ಮುಂಬಾಗಿಲ ಹೊಸ್ತಿಲು ಗುಡಿಸಿಕೊಂಡೇ ಕಾಲ ಕಳೆಯುತ್ತಿತ್ತು. ಮಾತು ಬರುವ ಒಂದು ಗೂಬೆಯಿತ್ತು. ಅದಕ್ಕೆ ಕತ್ತಲೆಂದರೆ ಜೀವ ಬಾಯಿಗೆ ಬರುತ್ತಿತ್ತು. ಮತ್ತೆ ಬೆಕ್ಕು. ಈ ಕತೆ ಬೆಕ್ಕಿನದು.

ಬೆಕ್ಕನ್ನು ಅವಳು ಎತ್ತಿಕೊಂಡು ಬಂದದ್ದು ಮೀನು ಮಾರ್ಕೆಟ್ಟಿನ ಹಿಂದಿನ ಚರಂಡಿಯಿಂದ. ಒಲೆಯ ಮೇಲೆ ಏನನ್ನೋ ಕುದಿಸಿ ಅದರ ನಾಲಿಗೆಗೆ ಸವರಿದಳು. ಮರುದಿನ ಬೆಳಿಗ್ಗೆ ಬೆಕ್ಕು ಕಣ್ಣು ಬಿಟ್ಟು, "ಹಾಲು ಹುಳಿ ಆಗಿದೆ" ಎಂದಿತು. ಮಾತು ಬಂದ ಮೇಲೆಯೇ ತಾನು ಅಲ್ಲಿಯವರೆಗೆ ಪಟ್ಟದ್ದು ಏನೆಂದು ಅದಕ್ಕೆ ತಿಳಿದದ್ದು. ಚರಂಡಿಯಲ್ಲಿ ಹಸಿವಿತ್ತು, ಹಸಿವು ಎನ್ನುವ ಮಾತಿರಲಿಲ್ಲ. ಚಳಿಯಿತ್ತು, ನಾಳೆ ಕಡಿಮೆಯಾದೀತು ಎಂದುಕೊಳ್ಳಲು ನಾಳೆ ಎನ್ನುವುದೇ ಇರಲಿಲ್ಲ. ಒಲೆ ಆರಿದರೆ ಮತ್ತೆ ಅಲ್ಲಿಗೇ. ಪೊರಕೆಯಾಗಲಿ ಗೂಬೆಯಾಗಲಿ ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಬೆಕ್ಕು ದಿನಾ ಕೆಡಿಸಿಕೊಳ್ಳುತ್ತಿತ್ತು.

ಹಾಗಾಗಿ ಬೆಂಕಿಗೆ ತುಪ್ಪ ಸುರಿಯುವ ಕೆಲಸ ತಾನೇ ವಹಿಸಿಕೊಂಡಿತು. ಬೆಳಿಗ್ಗೆ ಮಾಟಗಾತಿ ಕಾಫಿ ಲೋಟ ಹಿಡಿದು ಕೂತ ತಕ್ಷಣ ಮೈ ನೆಕ್ಕಿಕೊಳ್ಳುತ್ತ ಶುರು ಮಾಡುತ್ತಿತ್ತು.

"ಅಮ್ಮಾ, ಕಷಾಯ ಅಂದಾಗ ನಿಮ್ಮಕ್ಕ ಕೈ ಹೇಗೆ ಅಲ್ಲಾಡಿಸಿದ್ರು?"

"ಹೀಗೆ. ನೊಣ ಓಡಿಸೋ ಹಾಗೆ."

"ಛೆ ಛೆ. ಅದೂ ಗಿರಾಕಿಗಳ ಎದುರಿಗೆ."

"ಇನ್ನೇನು ಮತ್ತೆ! ಹೊಟ್ಟೆ ಉಬ್ಬರಕ್ಕಂತೆ! ನನ್ನ ಮದ್ದು!"

ಒಲೆ ಭಗ್ಗೆನ್ನುತ್ತಿತ್ತು. ಬೆಕ್ಕು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿತ್ತು. ಗಂಡನ ಗೊರಕೆಗೆ ಮದ್ದು ಕೇಳಿಕೊಂಡು ಬಂದವಳಿಗೆ ಅವತ್ತು ಎಷ್ಟು ಖಡಕ್ಕಾದ ಮದ್ದು ಸಿಗುತ್ತಿತ್ತೆಂದರೆ, ಗಂಡನ ಜೊತೆ ಪಕ್ಕದ ಮನೆಯವರೂ ತೆಪ್ಪಗಾಗುತ್ತಿದ್ದರು.

ಅಕ್ಕ ಬರುತ್ತಿದ್ದಳು. ಇದು ಆ ಮನೆಯಲ್ಲಿ ಬೆಕ್ಕಿಗೆ ಮಾತ್ರ ಗೊತ್ತಿದ್ದ ಸಂಗತಿ. ವರ್ಷಕ್ಕೊಮ್ಮೆ, ಮಾಟಗಾತಿ ಊಟ ಮಾಡಿ ಅಡ್ಡಾಗಿರುವ ಹೊತ್ತಿಗೆ, ಕೈಯಲ್ಲೊಂದು ಪೊಟ್ಟಣ ಹಿಡಿದು ಬರುತ್ತಿದ್ದಳು. ಆ ಬೋರ್ಡಿನ ಕೆಳಗೆ ಹಾದು ಬರಲು ಮುಖವಿಲ್ಲದೆ ಹಿಂಬಾಗಿಲಿಗೆ ಬರುತ್ತಿದ್ದಳು. ಪೊಟ್ಟಣದಲ್ಲಿ ಬಿಸಿ ಬನ್ನು.

"ತಂಗಿ ಇದ್ದಾಳೇನಪ್ಪಾ?" ಎಂದು ಮೊದಲ ಸಲ ಕೇಳಿದಳು. "ಅವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ. ತಪ್ಪಾಯ್ತು ಅಂತ ಒಂದ್ಮಾತು ಹೇಳಿ ಹೋಗ್ತೀನಿ."

ಬೆಕ್ಕು "ಕೇಳ್ಕೊಂಡು ಬರ್ತೀನಿ" ಎಂದು ಒಳಗೆ ಹೋಗಿ, ಒಲೆಯ ಪಕ್ಕ ಸ್ವಲ್ಪ ಹೊತ್ತು ಕೂತು, ಹೊರಗೆ ಬಂದು, "ಇವತ್ತು ಬೇಡ ಅಂದ್ರು" ಎಂದಿತು.

"ಇದನ್ನಾದ್ರೂ ಕೊಡ್ತೀಯಾ?"

"ಕೊಡ್ತೀನಿ."

ಬನ್ನು ಚೆನ್ನಾಗಿತ್ತು. ಮುಂದಿನ ವರ್ಷವೂ ಚೆನ್ನಾಗಿತ್ತು. ವರ್ಷಗಳು ಉರುಳಿದ ಹಾಗೆ 'ಇವತ್ತು ಬೇಡ' ಎನ್ನುವುದು 'ಯಾವತ್ತೂ ಬೇಡ' ಎಂದಾಯಿತು. ವರ್ಷಕ್ಕೊಂದು ರಾತ್ರಿ ಬೆಕ್ಕು ಹಾಲು ಯಾಕೆ ಮುಟ್ಟುವುದಿಲ್ಲ ಎಂದು ಮಾಟಗಾತಿ ತಲೆ ಕೆರೆದುಕೊಂಡಳು. ಕಳೆದ ಸಲ ಅಕ್ಕ ಕೋಲು ಊರಿಕೊಂಡು ಏದುಸಿರು ಬಿಡುತ್ತ ಬಂದಿದ್ದಳು. "ಇನ್ನು ನನ್ನ ಕೈಲಿ ಬರೋಕಾಗಲ್ಲ. ನಾನು ಹಾಸಿಗೆ ಹಿಡಿದ್ರೆ ಅವಳೇ ಒಂದ್ಸಲ ಬರ್ತಾಳಾ, ಕೇಳು." ಬೆಕ್ಕು ಈ ಸಲ ಒಳಗೆ ಹೋಗುವ ನಾಟಕವನ್ನೂ ಆಡಲಿಲ್ಲ. "ನೀವು ಸತ್ತರೂ ಬರಲ್ಲ ಅಂದಿದ್ದಾರೆ" ಎಂದುಬಿಟ್ಟಿತು. ಮಾತು ನೀರು ಕುಡಿದಷ್ಟು ಸಲೀಸಾಗಿ ಬಂತು. ಅಕ್ಕ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಅವತ್ತಿನ ಬನ್ನು ಅರ್ಧ ಹಾಗೇ ಉಳಿಯಿತು.

ಸಿಟ್ಟಿಗೂ ವಯಸ್ಸಾಗುತ್ತದೆ ಎಂಬುದನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಎಂದಿನ ಹಾಗೆ ಕಷಾಯದ ಮಾತೆತ್ತಿದರೆ, ಮಾಟಗಾತಿ ಲೋಟ ಕೆಳಗಿಟ್ಟು ನಕ್ಕುಬಿಟ್ಟಳು.

"ಅವಳು ಅಂದಿದ್ದು ಸುಳ್ಳೇನಲ್ಲ ಕಣೋ. ಅರ್ಧಕ್ಕರ್ಧ ಕಷಾಯನೇ."

ಒಲೆ ಕುಸಿಯಿತು. ಹರಟುತ್ತಿದ್ದ ಗೂಬೆ ನಡುವಿನಲ್ಲೇ 'ಗೂ' ಎಂದು ನಿಂತಿತು. ಪೊರಕೆ ಗೋಡೆಗೊರಗಿ ಜಾರಿತು. ಬೆಕ್ಕು ಕಿಟಕಿಯ ಕಡೆ ನೋಡಿದರೆ ಅದಕ್ಕೆ ಏನನ್ನುತ್ತಾರೆಂದು ಹೊಳೆಯಲಿಲ್ಲ.

"ಗಿರಾಕಿಗಳು ನಕ್ಕಿದ್ರಲ್ಲ ಅಮ್ಮಾ! ಬಿದ್ದು ಬಿದ್ದು ನಕ್ಕಿದ್ರಲ್ಲ!"

"ನಕ್ರು, ನಕ್ರು..." ಒಲೆ ಚೂರು ಚೇತರಿಸಿಕೊಂಡಿತು. "ಆದ್ರೂ ಅವಳಿಗೂ ವಯಸ್ಸಾಗಿರುತ್ತೆ. ನಾಳೆ ಒಂದ್ಸಲ ಬೇಕರಿ ಕಡೆ ಹೋಗಿ ಬರ್ತೀನಿ."

"ಒಲೆ ಆರಿಹೋಗುತ್ತೆ!"

"ಆರಲಿ ಬಿಡೋ. ಮಾತು ಹೋದ್ರೆ ನಿನಗೆ ಹಾಲು ಹಾಕದೆ ಇರ್ತೀನಾ? ಮಡಿಲಲ್ಲಿ ಕೂರಿಸ್ಕೊಳ್ಳದೆ ಇರ್ತೀನಾ?"

ಹಾಲಲ್ಲ ಅಮ್ಮಾ, ಎಂದು ಹೇಳಬೇಕೆನಿಸಿತು ಬೆಕ್ಕಿಗೆ. ಹಾಲಿನ ಮಾತಲ್ಲ ಇದು. ಅಕ್ಕನ ಕಡೆಯಿಂದ ಯಾರಾದರೂ ಬಂದರೆ ತಡೆಯಬೇಕೆಂದು ಹಗಲಿಡೀ ಹಿಂಬಾಗಿಲ ಬಳಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿತು.

ಮರುದಿನ ಮಾಟಗಾತಿ ಒಗೆದ ಸೀರೆ ಉಟ್ಟು ಚಪ್ಪಲಿ ಮೆಟ್ಟುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಮುಂಬಾಗಿಲು. ಬೆಕ್ಕು ಹಿಂದಿನಿಂದ ಓಡಿ ಬರುವಷ್ಟರಲ್ಲಿ ಪೊರಕೆ ಬಾಗಿಲು ತೆಗೆದಾಗಿತ್ತು. ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ಮೊಣಕೈಗೆ ಮೈದಾಹಿಟ್ಟು ಮೆತ್ತಿತ್ತು, ಕಣ್ಣು ಊದಿಕೊಂಡಿತ್ತು.

"ಚಿಕ್ಕಮ್ಮ ಅಂದ್ರೆ ನೀವೇ ಅಲ್ವಾ? ನಾನು ನಿಮ್ಮ ಅಕ್ಕನ ಮಗಳು. ಅಮ್ಮ ಹೋದ ವಾರ ಹೋಗಿಬಿಟ್ಲು."

ಮಾಟಗಾತಿ ಒಂದೇ ಕಾಲಿನ ಚಪ್ಪಲಿಯಲ್ಲಿ ಹಾಗೇ ನಿಂತಳು. ಒಳಗೆ ಒಲೆ ಇಳಿಯಿತು, ಇಳಿಯಿತು, ಕೆಂಪು ಹೋಗಿ ನೀಲಿಯಾಯಿತು. ಸತ್ತವಳ ಮೇಲೆ ಎಂಥ ಸಿಟ್ಟು? ಪೊರಕೆ ದೊಪ್ಪನೆ ಬಿತ್ತು. ಬೆಕ್ಕಿನ ತಲೆಯಿಂದ ಮಾತುಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ಮೊದಲು ಕಿಟಕಿ ಹೋಯಿತು, ಆಮೇಲೆ ಬಾಗಿಲು, ಆಮೇಲೆ ನಾಳೆ.

"ಇವತ್ತೇ ಹೊರಟಿದ್ದೆ ಕಣಮ್ಮಾ" ಎಂದಳು ಮಾಟಗಾತಿ. "ನೋಡು, ಸೀರೆ ಉಟ್ಟಿದ್ದೀನಿ."

ಅಕ್ಕನ ಮಗಳು ಅದನ್ನು ನಂಬಿದ ಹಾಗೆ ಕಾಣಲಿಲ್ಲ. "ಜಗಳಕ್ಕೆ ಬಂದಿಲ್ಲ ಚಿಕ್ಕಮ್ಮಾ. ಒಂದೇ ಒಂದು ಕೇಳ್ಬೇಕಿತ್ತು. ಅಮ್ಮ ಸತ್ತರೂ ಬರಲ್ಲ ಅಂತ ನೀವು ನಿಜವಾಗ್ಲೂ ಅಂದ್ರಾ? ಕೊನೇ ದಿನದ ತನಕ ಅವಳು ಅದನ್ನೇ ಹೇಳ್ಕೊಂಡು ಅಳ್ತಿದ್ಲು."

"ನಾನಾ? ಯಾವಾಗ? ಅವಳೆಲ್ಲಿ ಬಂದಿದ್ಲು ಇಲ್ಲಿಗೆ?"

"ಪ್ರತಿ ವರ್ಷ ಬರ್ತಿದ್ಲಲ್ಲ, ಹಿಂಬಾಗಿಲಿಗೆ. ನಿಮಗಿಷ್ಟ ಅಂತ ಸಕ್ಕರೆ ಜಾಸ್ತಿ ಹಾಕಿ ಬನ್ನು ತರ್ತಿದ್ಲು. ಬೆಕ್ಕಿನ ಹತ್ರ ಕೊಟ್ಟು ಬಂದೆ ಅನ್ನೋಳು."

ಮಾಟಗಾತಿ ನಿಧಾನವಾಗಿ ತಿರುಗಿದಳು. ಬೆಕ್ಕಿನ ಬಳಿ ಇನ್ನು ಬೆರಳೆಣಿಕೆಯ ಮಾತುಗಳು ಉಳಿದಿದ್ದವು, ಅವುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂಥದಲ್ಲ. ಅದು ಅವಳ ಮುಖ ನೋಡಿ, ಬಾಯಿ ತೆರೆದು, "ಮಿಯಾಂವ್" ಎಂದಿತು. ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅದು ಮಿಯಾಂವ್ ಎಂದದ್ದು ಅದೇ ಮೊದಲು. ಅವಳಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು.

ಒಲೆ ಸೂರಿನ ತನಕ ಎದ್ದಿತು. ಪಾತ್ರೆಯ ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಬೆಕ್ಕಿಗೆ ಹೋದ ಮಾತುಗಳೆಲ್ಲ ಒಟ್ಟಿಗೆ ಮರಳಿ ಬಂದವು. ಕಿಟಕಿ, ಬಾಗಿಲು, ನಾಳೆ, ಬನ್ನು, ಸುಳ್ಳು.

ಅವಳು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮಗಳ ಜೊತೆ ಬೇಕರಿಗೆ ಹೋಗಿ, ಸಂಜೆ ಬಂದು, ಎಂದಿನ ಜಾಗದಲ್ಲಿ ಎಂದಿನಷ್ಟೇ ಹಾಲು ಹಾಕಿದಳು. ಅವತ್ತಿನಿಂದ ಬೆಕ್ಕಿನ ಜೊತೆ ಅವಳು ಮಾತಾಡಲಿಲ್ಲ. ಪೊರಕೆ ಅದರ ಸುತ್ತ ಗುಡಿಸಿಕೊಂಡು ಹೋಗುತ್ತದೆ. ಗೂಬೆ ಅದನ್ನು ಕಂಡರೆ ಕತ್ತಲಾದರೂ ಸರಿ ಎಂದು ಗೋಡೆಯ ಕಡೆ ಮುಖ ಮಾಡುತ್ತದೆ. ಒಲೆ ಈಗ ಉರಿಯುವಷ್ಟು ಚೆನ್ನಾಗಿ ಹಿಂದೆಂದೂ ಉರಿದದ್ದಿಲ್ಲ. ಯಾರೂ ಏನೂ ನೆನಪಿಸಬೇಕಾಗಿಲ್ಲ.

ಬೆಕ್ಕಿನ ಬಾಯಲ್ಲಿ ಬೇಕಾದಷ್ಟು ಮಾತಿದೆ. ಒಂದು ಬೆಳಿಗ್ಗೆ, ಅವಳು ಕಾಫಿ ಲೋಟ ಹಿಡಿದು ಕೂತಿದ್ದಾಗ, ಅದು ಹತ್ತಿರ ಹೋಗಿ ಬಾಲ ಮುದುರಿಕೊಂಡು ಕೂತಿತು. ಕ್ಷಮಿಸಿದರೆ ಒಲೆ ಆರುತ್ತದೆ, ಹೇಳಿದ ಮಾತೇ ತನ್ನ ಕೊನೆಯ ಮಾತಾಗುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಆಗಲಿ ಎಂದುಕೊಂಡಿತು.

"ಅಮ್ಮಾ, ತಪ್ಪಾಯ್ತು."

ಹೇಳಿ, ಒಲೆಯನ್ನೇ ನೋಡುತ್ತ ಕೂತಿತು. ಉರಿ ಒಂದು ಎಳೆಯಷ್ಟೂ ತಗ್ಗಲಿಲ್ಲ.