‘ತಗೊಳ್ತಿಲ್ಲ’ ಎಂದದ್ದು ನಾನಲ್ಲ

ನಾನು ಒಂದು ಹೆಬ್ಬೆಟ್ಟು ಯಂತ್ರ. ಅಂಗೈಯಷ್ಟು ಕಪ್ಪು ಮೈ, ನಡುವೆ ಪುಟ್ಟದೊಂದು ಗಾಜು, ಗಾಜಿನ ಕೆಳಗೆ ಕೆಂಪು ಬೆಳಕು, ಇಷ್ಟೇ ನನ್ನ ರೂಪ. ಬೆರಳಿಟ್ಟವರ ಗೆರೆ ಓದಿ, ಇವರು ಇಂಥವರೇ ಹೌದು ಎಂದು ಸಾಕ್ಷಿ ಹೇಳುವುದು ನನ್ನ ಕೆಲಸ. ಹೌದಾದರೆ ಹಸಿರು ದೀಪ ಹತ್ತಿಸಿ ಒಮ್ಮೆ ಕುಂಯ್ ಎನ್ನುತ್ತೇನೆ. ನಾನು ಸಾಧು ಸ್ವಭಾವದ ಯಂತ್ರವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಹೇಳಿಕೊಂಡು ಒಬ್ಬ ಸುಳ್ಳಾಡಿದ, ಆ ಸುಳ್ಳಿಗೆ ಒಂದು ಜೀವ ಹೋಯಿತು. ಅವನ ಮೇಲಿನ ಸಿಟ್ಟನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಯಾವುದೋ ಊರಿನ ಕಾರ್ಖಾನೆಯಲ್ಲಿ, ತಲೆಗೆ ಟೋಪಿ ಹಾಕಿಕೊಂಡ ಹುಡುಗಿಯರ ಕೈಯಲ್ಲಿ ನಾನು ಹುಟ್ಟಿದೆ. ನಮ್ಮದು ದೊಡ್ಡ ಸಂಸಾರ. ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಲಾರಿಗೆ ಹಾಕಿದರು. ದಾವಣಗೆರೆಗೆ ಬಂದಮೇಲೆ ಅಣ್ಣತಮ್ಮಂದಿರು ಬೇರೆಯಾದೆವು. ಒಬ್ಬ ನ್ಯಾಯಬೆಲೆ ಅಂಗಡಿಯ ಅಕ್ಕಿ ಮೂಟೆಗಳ ಪಕ್ಕ ಕೂತ. ನನ್ನನ್ನು ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ನೆಲಮಹಡಿಯಲ್ಲಿ, ‘ಬಡವರ ಚಿಕಿತ್ಸಾ ಸಹಾಯ ಕೇಂದ್ರ’ ಎಂದು ಬರೆದ ಫಲಕದ ಕೆಳಗೆ ಕೂರಿಸಿದರು. ರೇಷನ್ ಕಾರ್ಡಿನ ಯಜಮಾನತಿ ಬಂದು ಬೆರಳಿಡಬೇಕು, ನಾನು ಹೌದು ಎನ್ನಬೇಕು, ಆಮೇಲೆ ಆ ಮನೆಯವರ ಆಪರೇಷನ್ನಿನ ಖರ್ಚನ್ನು ಸರ್ಕಾರ ಕೊಡುತ್ತದೆ. ಅಲ್ಲಿನ ಪದ್ಧತಿ ಅದು.

ಮೊದಲು ನನ್ನನ್ನು ನೋಡಿಕೊಂಡವಳು ವಿಮಲಾಕ್ಷಿ ಎಂಬ ಹೆಣ್ಣುಮಗಳು. ಬೆಳಿಗ್ಗೆ ಬಂದು ಸೆರಗಿನ ತುದಿಯಿಂದ ನನ್ನ ಗಾಜು ಒರೆಸುತ್ತಿದ್ದಳು. ಯಾರದಾದರೂ ಬೆರಳು ಒಣಗಿದ್ದರೆ, “ತಲೆಗೆ ತಿಕ್ಕಿಕೊಂಡು ಇಡವ್ವ, ಎಣ್ಣಿ ಪಸೆ ಹತ್ತಲಿ” ಎನ್ನುವಳು. ಜನ ಬೆರಳನ್ನು ತಲೆಗೂದಲಲ್ಲಿ ತಿಕ್ಕಿ ನನ್ನ ಮೇಲಿಡುತ್ತಿದ್ದರು. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಬೆವರು ಎಲ್ಲ ನನ್ನ ಮೈಗೆ ಮೆತ್ತುತ್ತಿತ್ತು. ನಾನು ಒಮ್ಮೆಯೂ ಮುಖ ಸಿಂಡರಿಸಲಿಲ್ಲ, ಕುಂಯ್ ಎನ್ನುತ್ತಲೇ ಇದ್ದೆ. ವಿಮಲಾಕ್ಷಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಆ ಕುರ್ಚಿಗೆ ಪ್ರಸನ್ನ ಬಂದ.

ಹೆಸರಿಗೆ ತಕ್ಕ ಹಾಗೆ ನಗುಮುಖ. ಬೆಳ್ಳನೆಯ ಇಸ್ತ್ರಿ ಅಂಗಿ. ಬಂದವರನ್ನೆಲ್ಲ ಅಮ್ಮಾ, ಅಕ್ಕಾ, ಯಜಮಾನ್ರೇ ಎಂದು ಕರೆಯುವನು. ಮಾತಿಗೆ ಮುಂಚೆ ‘ಪಾಪ’ ಎನ್ನುವನು. ಅವನು ಬಂದ ವಾರದಲ್ಲೇ ನನ್ನ ಗಾಜಿನ ಮೇಲೆ ತೆಳ್ಳಗಿನ ಹಾಲುಬಣ್ಣದ ಟೇಪಿನ ತುಂಡೊಂದನ್ನು ಅಂಟಿಸಿದ. ಕೆಂಪು ಬೆಳಕು ಹೊರಗೆ ಕಾಣುತ್ತಿತ್ತು, ಆದರೆ ನನಗೆ ಒಳಗಿಂದ ಬೆರಳಿನ ಗೆರೆ ಕಾಣುತ್ತಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಸಾಕ್ಷಿ ಕೇಳಿದಂತಾಯಿತು. ಬೆರಳಿಟ್ಟವರು ಇಟ್ಟಲ್ಲೇ ಇರುವರು, ಹಸಿರು ದೀಪ ಹತ್ತದು. ಆಗ ಅವನು ನನ್ನನ್ನು ತೋರಿಸಿ ಹೇಳುತ್ತಿದ್ದ, “ತಗೊಳ್ತಿಲ್ಲಮ್ಮ. ನಾನೇನ್ ಮಾಡ್ಲಿ? ಯಂತ್ರ ತಗೊಳ್ತಿಲ್ಲ.”

ಎಲ್ಲರಿಗೂ ಹಾಗೆ ಮಾಡುತ್ತಿರಲಿಲ್ಲ. ತನ್ನವರು, ಬಲ ಇದ್ದವರು, ಜಗಳಕ್ಕೆ ನಿಲ್ಲುವವರು ಬಂದರೆ ಉಗುರಿನಿಂದ ಟೇಪು ಮೆಲ್ಲಗೆ ಎಬ್ಬಿಸಿ ತೆಗೆಯುವನು. ಉಳಿದವರನ್ನು ಪಕ್ಕದ ನಗದು ಕಿಟಕಿಗೆ ಕಳಿಸುವನು. ಸಾಲವೋ ತಾಳಿಯೋ, ಹೇಗಾದರೂ ಹೊಂದಿಸಿಕೊಂಡು ಬಂದು ಅಲ್ಲಿ ಕಟ್ಟಿದರೆ ಇವನಿಗೂ ಪಾಲು ಬರುತ್ತಿತ್ತು. ತಿನ್ನುವವನು ಅವನು, ಕೆಟ್ಟ ಹೆಸರು ನನಗೆ. ಹಳ್ಳಿಯ ಅಜ್ಜಿಯರು ನನ್ನತ್ತ ನೋಡಿ ಶಾಪ ಹಾಕಿ ಹೋಗುತ್ತಿದ್ದರು. ನನಗೆ ಬಾಯಿದ್ದದ್ದು ಒಂದು ಕುಂಯ್‌ಗೆ ಮಾತ್ರ, ಅದನ್ನೂ ಅವನು ಮುಚ್ಚಿದ್ದ.

ಹೀಗಿರುವಾಗ ಹಾಲವ್ವ ಬಂದಳು.

ಹಾಲವ್ವ ಮಂಡಕ್ಕಿ ಭಟ್ಟಿಯ ಹೆಂಗಸು. ಕಾದ ಉಸುಕಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿದು ಮಂಡಕ್ಕಿ ಬೇರ್ಪಡಿಸುವ ಕೆಲಸ. ಗಂಡ ಚೌಡಪ್ಪನೂ ಅದೇ ಭಟ್ಟಿಯಲ್ಲಿ ಒಲೆಗೆ ಹೊಟ್ಟು ಹಾಕುತ್ತಿದ್ದ. ಅವನ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಬೇಗ ಆಪರೇಷನ್ ಮಾಡಿಸಿದರೆ ಬದುಕುತ್ತಾನೆ, ತಡ ಮಾಡಬೇಡಿ ಎಂದು ಮೇಲಿನ ಮಹಡಿಯ ಡಾಕ್ಟರು ಹೇಳಿ ಕೆಳಗೆ ನನ್ನ ಹತ್ತಿರ ಕಳಿಸಿದ್ದರು.

ಹಾಲವ್ವ ಬೆರಳನ್ನು ತಲೆಗೆ ತಿಕ್ಕಿ ಇಟ್ಟಳು. ನನಗೆ ಟೇಪು ಕಂಡಿತೇ ಹೊರತು ಗೆರೆ ಒಂದೂ ಕಾಣಲಿಲ್ಲ.

“ಪಾಪ, ತಗೊಳ್ತಿಲ್ಲಮ್ಮ,” ಎಂದ ಪ್ರಸನ್ನ. “ಏನ್ ಕೆಲಸ ಮಾಡ್ತೀಯಾ?”

“ಮಂಡಕ್ಕಿ ಭಟ್ಟಿ ರೀ.”

“ಅದಕ್ಕೇ ನೋಡು. ಗೆರೆ ಎಲ್ಲಾ ಸವೆದು ಹೋಗಿದಾವೆ.”

ಅವನಿಗೆ ಅಷ್ಟು ಸಾಕಾಗಿತ್ತು. ಭಟ್ಟಿಯವರೆಲ್ಲ ಮೊದಲೇ ನಂಬಿಕೊಂಡಿದ್ದ ಮಾತು ಅದು. ಉಸುಕು ಬೆರಳು ತಿನ್ನುತ್ತದೆ, ನಮ್ಮ ಕೈ ನಮ್ಮದಲ್ಲ ಎಂದು ಅವರೇ ನಗಾಡಿಕೊಂಡು ಹೇಳುತ್ತಿದ್ದರು. ಹಾಲವ್ವ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡು, ತಪ್ಪು ಮಾಡಿದವಳ ಹಾಗೆ ಸೆರಗಿನೊಳಗೆ ಮುಚ್ಚಿಕೊಂಡಳು. “ಹೌದ್ರಿ, ಉಸುಕು ತಿಂದೈತಿ,” ಎಂದಳು. ಅಡ್ಡ ಇರುವುದು ಟೇಪು, ತಪ್ಪು ನಿನ್ನ ಬೆರಳಿನದಲ್ಲ ಎಂದು ಕಿರುಚಬೇಕೆನಿಸಿತು ನನಗೆ.

“ಕೆಲಸ ಬಿಟ್ಟು ಸ್ವಲ್ಪ ದಿನ ಬೆರಳು ನೋಡ್ಕೊ. ಗೆರೆ ಮೂಡ್ತಾವೆ. ಅವಸರ ಇದ್ರೆ ನಗದು ಕಟ್ಟಿಬಿಡು,” ಎಂದ ಅವನು.

ಕಟ್ಟಲು ಅವಳ ಹತ್ತಿರ ಏನಿತ್ತು? ಹಾಗಾಗಿ ಬೆರಳು ಬೆಳೆಸಲು ಹೊರಟಳು. ಭಟ್ಟಿ ಬಿಟ್ಟಳು. ಇಬ್ಬರ ದುಡಿಮೆಯೂ ನಿಂತು ಮನೆಯ ಒಲೆ ಒಂದು ಹೊತ್ತಿಗೆ ಇಳಿಯಿತು. ಮುಂದಿನ ಸಲ ಬಂದಾಗ ಬೆರಳಲ್ಲಿ ಬೆಣ್ಣೆಯ ವಾಸನೆ. ಆಮೇಲೆ ದಾಸವಾಳದ ಎಲೆ ಅರೆದ ವಾಸನೆ. ಆಮೇಲೆ ಹೆಬ್ಬೆಟ್ಟಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡವಳಂತೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದು ಬಂದಳು. ಆ ಬೆರಳನ್ನು ನೀರಿಗೆ ಹಾಕಿರಲಿಲ್ಲವಂತೆ, ಪಾತ್ರೆ ತಿಕ್ಕಿರಲಿಲ್ಲವಂತೆ. ಬಟ್ಟೆ ಬಿಚ್ಚಿ, ದೇವರ ಮುಂದೆ ದೀಪ ಇಡುವ ಹಾಗೆ ನನ್ನ ಮೇಲಿಟ್ಟಳು.

“ತಗೊಳ್ತಿಲ್ಲಮ್ಮ.”

ಚೌಡಪ್ಪ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು, “ಹೋಗ್ಲಿ ಬಿಡೇ, ಯಂತ್ರದ ಕೂಡ ಏನ್ ವಾದ ಮಾಡ್ತಿ,” ಎಂದು ಅವಳನ್ನು ಸಮಾಧಾನ ಮಾಡುತ್ತಿದ್ದ. ಅವನ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

ಒಂದು ದಿನ ಹಾಲವ್ವ ಓಡೋಡಿ ಬಂದಳು. ಕಣ್ಣು ಅರಳಿತ್ತು. “ಸಾಹೇಬ್ರ, ರೇಷನ್ ಅಂಗಡಿಯಾಗ ಇವತ್ತು ತಗಂಡೈತ್ರಿ! ಒಂದೇ ಸಲಕ್ಕ!”

ನನ್ನ ಅಣ್ಣ ಅಲ್ಲಿ ನಿಜ ಹೇಳಿದ್ದ. ಈಗಲಾದರೂ ಇವನು ಸಿಕ್ಕಿಬಿದ್ದ ಎಂದುಕೊಂಡೆ. ಪ್ರಸನ್ನ ನಗುತ್ತಲೇ ಹೇಳಿದ, “ಅಮ್ಮಾ, ಅದು ಅಕ್ಕಿ ಯಂತ್ರ. ಇದು ಹಾರ್ಟ್ ಯಂತ್ರ. ಅಕ್ಕಿಗೆ ಹ್ಯಾಗಿದ್ರೂ ನಡೀತದೆ. ಹಾರ್ಟಿಗೆ ಗೆರೆ ಪೂರಾ ಬೇಕು.”

ಸಾಲಿನಲ್ಲಿದ್ದವರು ನಕ್ಕರು. ಹಾಲವ್ವನೂ ನಾಚಿಕೊಂಡು ನಕ್ಕಳು. ಓದಿದವನು ಹೇಳಿದ್ದಾನೆ, ಇರಬಹುದು ಎಂದುಕೊಂಡು ಮತ್ತೆ ಬೆಣ್ಣೆ ಹುಡುಕಲು ಹೋದಳು. ಆ ನಗುವಿಗೆ ನಾನು ಅವನನ್ನು ಎಂದೂ ಕ್ಷಮಿಸಲಾರೆ.

ಕೊನೆಯ ಸಲ ಚೌಡಪ್ಪನೂ ಅವಳ ಜೊತೆ ಒಳಗೆ ಬಂದ. ತಾನೇ ಕೈಮುಗಿದು ಕೇಳಿಕೊಳ್ಳುತ್ತೇನೆ ಎಂದಿದ್ದನಂತೆ. ಕೈಮುಗಿದ. ಬಾಯಿ ತೆರೆದ. ಮಾತು ಬರುವ ಮೊದಲೇ ನನ್ನ ಮೇಜಿನ ಮುಂದೆ ಕುಸಿದುಬಿದ್ದ. ಹಾಲವ್ವ ನೆಲಕ್ಕೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೋ ಸ್ಟ್ರೆಚರ್ ತರಲು ಓಡಿದರು. ಪ್ರಸನ್ನ “ಪಾಪ, ಪಾಪ” ಎಂದ. ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದ ಪ್ರಸನ್ನನ ಸೋದರತ್ತೆ ಹೊತ್ತಾಯಿತೆಂದು ಗೊಣಗಿದಳು. ಅವನು ಉಗುರಿನಿಂದ ನನ್ನ ಗಾಜು ಕೆರೆದು, ಟೇಪು ತೆಗೆದು, ಮೇಜಿನ ಕೆಳಬದಿಗೆ ಒತ್ತಿದ. ಅತ್ತೆ ಬೆರಳಿಟ್ಟಳು. ನಾನು ಕುಂಯ್ ಎಂದೆ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ನೆಲದ ಮೇಲಿದ್ದ ಹಾಲವ್ವನಿಗೆ ಮೇಜಿನ ಕೆಳಬದಿ ಕಾಣುತ್ತಿತ್ತು. ಅಲ್ಲಿ ಧೂಳು ಹಿಡಿದ ಹಳೆಯ ಟೇಪುಗಳು ಸಾಲಾಗಿ ಅಂಟಿದ್ದವು, ಈಗ ಒತ್ತಿದ ಹೊಸದೂ ಇತ್ತು. ನೋಡಿದಳು, ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಹೊತ್ತೂ ಅದಲ್ಲ. ಚೌಡಪ್ಪನ ತಲೆ ಆಗಲೇ ಭಾರವಾಗಿತ್ತು.

ಮುಂದಿನದನ್ನು ಅವಳೇ ಆಮೇಲೆ ಸಾಲಿನ ಹೆಂಗಸರಿಗೆ ಹೇಳಿದ್ದು. ಗಂಡನ ದಿನಕರ್ಮ ಮುಗಿಸಿ ಭಟ್ಟಿಗೆ ಮರಳಿದಳು. ಇನ್ನು ಯಾರಿಗಾಗಿ ಬೆರಳು ಕಾಯಬೇಕು? ಮಸಿಗೈಯಲ್ಲೇ ಮಂಡಕ್ಕಿ ತುಂಬುವ ಹೊಸ ಪ್ಲಾಸ್ಟಿಕ್ ಚೀಲ ಹಿಡಿದಳು. ಚೀಲದ ಮೇಲೆ ಹೆಬ್ಬೆಟ್ಟು ಮೂಡಿತು. ಬೆಳಕಿಗೆ ಹಿಡಿದು ನೋಡಿದರೆ ಸುತ್ತು ಸುತ್ತಿನ ಗೆರೆ, ಒಂದೂ ಸವೆದಿಲ್ಲ, ಒಂದೂ ಹರಿದಿಲ್ಲ. ಆಗ ಮೇಜಿನ ಕೆಳಗಿನ ಟೇಪು ಕಣ್ಣ ಮುಂದೆ ಬಂತು. ಅವಳು ಅಳಲಿಲ್ಲವಂತೆ. ಜರಡಿ ಕೆಳಗಿಟ್ಟು, ಒಲೆಯ ಬಾಯಿಗೆ ಹೋಗಿ, ಹೆಬ್ಬೆಟ್ಟಿಗೆ ಇನ್ನಷ್ಟು ಮಸಿ ಹಚ್ಚಿಕೊಂಡಳಂತೆ.

ಅವತ್ತು ಸೋಮವಾರ, ಸಾಲು ಬಾಗಿಲ ತನಕ ಇತ್ತು. ಹಾಲವ್ವ ತನ್ನ ಸರದಿ ಬರುವ ತನಕ ಸಾಲಿನಲ್ಲೇ ನಿಂತಳು.

“ಪಾಪ, ಏನಮ್ಮ ಮತ್ತೆ ಬಂದೆ? ಯಜಮಾನ್ರು ಹೋಗಿಬಿಟ್ರಲ್ಲ,” ಎಂದ ಪ್ರಸನ್ನ.

“ಇದೊಂದು ಸಲ ನೋಡ್ತೀನ್ರಿ.”

ಅವಳು ಕಪ್ಪು ಹೆಬ್ಬೆಟ್ಟನ್ನು ನನ್ನ ಮೇಲೆ ಒತ್ತಿದಳು. ಪ್ರಸನ್ನ ಅಭ್ಯಾಸಬಲದಿಂದ ಬಾಯಿ ತೆರೆದ, “ತಗೊಳ್ತಿ...”

ಅವನ ಮಾತು ಮುಗಿಯುವ ಮೊದಲೇ ಹಾಲವ್ವ ಉಗುರು ಹಾಕಿ ಚರ್ರನೆ ಟೇಪು ಕಿತ್ತಳು. ನನ್ನ ಕಣ್ಣಿಗೆ ಬೆಳಕು ಬಿತ್ತು. ತನ್ನ ಹೆಬ್ಬೆಟ್ಟು ಕಪ್ಪಗೆ ಮೂಡಿದ್ದ ಆ ಟೇಪನ್ನು ಅವನ ಬಿಳಿ ಅಂಗಿಯ ಎದೆಗೆ ಪಟ್ಟನೆ ಅಂಟಿಸಿ ಅಂಗೈಯಿಂದ ಒತ್ತಿದಳು. ಮುಖಕ್ಕೆ ಮಸಿ ಬಳಿಯುವುದು ಎನ್ನುತ್ತಾರಲ್ಲ, ಅವಳು ಎದೆಗೇ ಬಳಿದಳು.

“ಎಲ್ರೂ ನೋಡ್ರಿ!” ಎಂದು ಸಾಲಿನ ಕಡೆ ತಿರುಗಿದಳು. “ನನ್ನ ಹೆಬ್ಬೆಟ್ಟು ನೋಡ್ರಿ! ಗೆರಿ ಅದಾವೋ ಇಲ್ಲೋ ಹೇಳ್ರಿ! ಈ ಗೆರಿ ಇಲ್ಲಂತ ಹೇಳಿ ನನ್ನ ಗಂಡನ್ನ ಮಣ್ಣಿಗೆ ಕಳಿಸಿದ್ನಲ್ರಪ್ಪಾ ಇವನು! ಮೇಜಿನ ತಳಕ್ಕ ಬಗ್ಗಿ ನೋಡ್ರಿ, ಯಾರ್‍ಯಾರ ಮನಿ ದೀಪ ಆರಿಸಿ ಅಂಟಿಸ್ಯಾನ ಅಂತ!”

ಬಗ್ಗಿ ನೋಡಿದವರು ಎದ್ದಾಗ ಅವರ ಮುಖ ಬೇರೆಯೇ ಆಗಿತ್ತು. ಈ ಗದ್ದಲದ ನಡುವೆ ಹಾಲವ್ವ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ, ತಲೆಗೆ ತಿಕ್ಕಿ, ಬರಿಗಾಜಿನ ಮೇಲೆ ಇಟ್ಟಳು. ನಾನು ಇದ್ದ ಶಕ್ತಿಯೆಲ್ಲ ಸೇರಿಸಿ ಕುಂಯ್ ಎಂದೆ. ಹಸಿರು ದೀಪ ಹತ್ತಿತು.

ಹಾಲವ್ವ ಅದನ್ನು ನೋಡುತ್ತ ನಿಂತಳು. “ತಗಂತಲ್ಲ,” ಎಂದಳು ಮೆಲ್ಲಗೆ. “ಈಗ ತಗಂಡು ಏನ್ ಮಾಡ್ಲೋ ನಾನು?”

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಆಸ್ಪತ್ರೆಯ ದೊಡ್ಡವರು ಮಾರನೆಯ ದಿನ ಗೋಡೆಗೆ ಸೂಚನೆ ಅಂಟಿಸಿದರು. ಹಿಂದೆ ಆದ ತೊಂದರೆಗೆ ಯಂತ್ರದ ತಾಂತ್ರಿಕ ದೋಷ ಕಾರಣ, ವಿಷಾದಿಸುತ್ತೇವೆ ಎಂದು. ಮತ್ತೆ ನನ್ನ ತಲೆಗೇ ಕಟ್ಟಿದರು! ಪ್ರಸನ್ನ ಹೊಸ ಬಿಳಿ ಅಂಗಿ ತೊಟ್ಟು, ಏನೂ ಆಗದವನ ಹಾಗೆ ಬಂದ. ನೌಕರರು ಹಾಜರಿಗೂ ನನ್ನ ಮೇಲೇ ಬೆರಳಿಡಬೇಕು. ಇಟ್ಟ. ನಾನು ಸುಮ್ಮನಿದ್ದೆ. ಒರೆಸಿ ಇಟ್ಟ. ಸುಮ್ಮನಿದ್ದೆ. ಅಂಗಿಯ ಟೇಪು ಕೀಳುವಾಗ ಅವನ ಬೆರಳಿಗೆ ಅಂಟು ಮೆತ್ತಿತ್ತು, ಅದಕ್ಕೇ ಓದಲಾಗಲಿಲ್ಲ, ನಾನು ಬೇಕೆಂದು ಮಾಡಲಿಲ್ಲ. ಹೋಗಲಿ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ಬೇಕೆಂದೇ ಮಾಡಿದೆ. ಸಾಲಿನ ಹಿಂದಿನಿಂದ ಒಬ್ಬ ಮುದುಕಿ, “ತಗಳ್ತಿಲ್ಲೇನಪ್ಪಾ? ಬೆಣ್ಣಿ ಹಚ್ಕಂಡು ಬಾ!” ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ಅವನು ಕೆಂಪಾಗಿ ಹೊರಗೆ ಹೋದ. ಆಮೇಲೆ ಚಹದಂಗಡಿಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಅವನ ಹೆಸರು ‘ಟೇಪು’ ಎಂದೇ ಆಯಿತಂತೆ. ಊರು ಬಿಟ್ಟ ಎಂದು ಕೇಳಿದೆ. ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಆದರೂ ಸಾಲದು ಎನಿಸಿತು.

ಹಾಲವ್ವನಿಗೂ ಸಾಲಲಿಲ್ಲ. ಭಟ್ಟಿಗೆ ರಜೆ ಇದ್ದಾಗಲೆಲ್ಲ ಆಸ್ಪತ್ರೆಗೆ ಬಂದು ಸಾಲಿನ ಪಕ್ಕ ನಿಲ್ಲುತ್ತಿದ್ದಳು. ಬಂದವರಿಗೆ ಒಂದೇ ಮಾತು, “ಬೆರಳು ಇಡೂಕಿಂತ ಮೊದ್ಲು ಉಗುರು ಹಾಕಿ ಕೆರೆದು ನೋಡವ್ವ.” ಹೊಸ ಗುಮಾಸ್ತರು ಗುರುಗುಟ್ಟಿದರು, ಕಾವಲಿನವನು ಗದರಿದ, ಅವಳು ಜಗ್ಗಲಿಲ್ಲ. ಅದೇ ರೂಢಿಯಾಯಿತು. ಅವಳು ಇಲ್ಲದ ದಿನವೂ ಜನ ಮೊದಲು ನನ್ನನ್ನು ಉಗುರಿನಿಂದ ಕೆರೆಯುವರು, ಆಮೇಲೆ ಬೆರಳಿಡುವರು. ಬೀಡಿ ಕಟ್ಟುವವರ ಉಗುರು, ಗಾರೆ ಕೆಲಸದವರ ಉಗುರು, ಕಸ ಗುಡಿಸುವವರ ಉಗುರು. ಕೆರೆದು ಕೆರೆದು ನನ್ನ ಗಾಜು ಗೀರುಗಟ್ಟಿತು. ಕಡೆಗೆ ಗೆರೆ ಓದುವ ನನ್ನ ಕಣ್ಣು ನಿಜವಾಗಿಯೂ ಹೋಯಿತು. ನೋವಾಗಲಿಲ್ಲ. ಪ್ರತಿ ಗೀರಿನಲ್ಲೂ ಪ್ರಸನ್ನನ ಮೇಲಿನ ಒಂದು ಬೈಗುಳ ಇದೆ ಎಂದು ಲೆಕ್ಕ ಹಾಕಿಕೊಂಡು ಖುಷಿಯಲ್ಲೇ ಕುರುಡಾದೆ.

ಈಗ ಭಟ್ಟಿಗಳ ಓಣಿಯ ಗುಜರಿ ಅಂಗಡಿಯಲ್ಲಿದ್ದೇನೆ. ಮುರಿದ ಫ್ಯಾನು, ತುಕ್ಕು ಹಿಡಿದ ಬಾಣಲೆಗಳ ನಡುವೆ ಬಿದ್ದಿದ್ದೇನೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎಂದು ಪಕ್ಕದ ಫ್ಯಾನು ಹೇಳುತ್ತದೆ. ನನಗೆ ಇಳಿದಿಲ್ಲ.

ಮೊನ್ನೆ ಹಾಲವ್ವ ತೂತು ಬಿದ್ದ ಬಾಣಲೆಯೊಂದನ್ನು ಹಾಕಲು ಬಂದಳು. ಕೂದಲು ಬೆಳ್ಳಗಾಗಿದೆ. ನನ್ನನ್ನು ಕಂಡು ಗಕ್ಕನೆ ನಿಂತಳು. ಕೈಗೆತ್ತಿಕೊಂಡು ಧೂಳು ಒರೆಸಿದಳು. ಉಗುರು ಹಾಕಿ ಕೆರೆದು ನೋಡಿದಳು. ಟೇಪು ಇರಲಿಲ್ಲ. ಹೆಬ್ಬೆಟ್ಟನ್ನು ತಲೆಗೆ ತಿಕ್ಕಿ ನನ್ನ ಮೇಲೆ ಇಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದಳು.

ಕರೆಂಟಿಲ್ಲ, ದೀಪವಿಲ್ಲ, ಕಣ್ಣೂ ಇಲ್ಲ. ಆದರೂ ನಾನು ತಗೊಂಡೆ.